ಸದ್ದಿಲ್ಲದ ಅಪಸ್ವರ

ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟನ್ನು ಮನೆಯಲ್ಲಿ ಕೂತು ಕಂಪ್ಯೂಟರಿಗೆ ಇಳಿಸಲು ತೊಂಬತ್ತು ನಿಮಿಷವೇ ಹಿಡಿಯುತ್ತದೆ. ಅಡ್ಡದಾರಿ ಇಲ್ಲ. ಡೆಕ್ಕಿನ ಹೆಡ್ಡನ್ನು ಒರೆಸಬೇಕು, ಅದರ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ತಾರಸ್ಥಾಯಿ ತಿಳಿಯಾಗಿ ಕೇಳುವ ಹಾಗೆ ಹೊಂದಿಸಬೇಕು, ಒಂದು ಬದಿ ಮುಗಿದಾಗ ಎದ್ದು ಹೋಗಿ ಮಗುಚಿ ಹಾಕಬೇಕು. ಸಡಿಲಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತುವ ವಿದ್ಯೆಯೂ ಗೊತ್ತಿರಬೇಕು. ಧಾರವಾಡ, ಹುಬ್ಬಳ್ಳಿ, ಮೈಸೂರು, ಬಸವನಗುಡಿಗಳ ಎಷ್ಟೋ ಹಳೆಯ ಮನೆಗಳ ಅಟ್ಟದಲ್ಲಿ ಇಂಥ ಕ್ಯಾಸೆಟ್ಟುಗಳ ಪೆಟ್ಟಿಗೆಗಳಿವೆ. ಕರಾವಳಿಗೆ ಹೋದರೆ ಬೆಳಗಿನ ತನಕ ನಡೆದ ಆಟಗಳ ಧ್ವನಿಮುದ್ರಣ ಸಿಗುತ್ತದೆ. ರಾಮನವಮಿಯ ಕಛೇರಿ, ಯಾರದೋ ಪಡಸಾಲೆಯ ಬೈಠಕ್, ರೇಡಿಯೊಕ್ಕೆ ಟೇಪ್ ರೆಕಾರ್ಡರ್ ಹಚ್ಚಿ ಹಿಡಿದ ರಾತ್ರಿಯ ಸಂಗೀತಸಭೆ, ತೀರಿಹೋದ ಅಜ್ಜಿಯ ಸಂಪ್ರದಾಯದ ಹಾಡು. ಇವು ಯಾವ ಅಂಗಡಿಯಲ್ಲೂ ಮಾರಾಟಕ್ಕೆ ಬಂದವಲ್ಲ.

ಒಬ್ಬ ರಸಿಕರ ಬಳಿ ಇಂಥ 1000 ಕ್ಯಾಸೆಟ್ ಇವೆ ಎಂದುಕೊಳ್ಳಿ. ಒಟ್ಟು 1500 ಗಂಟೆ. ನಿವೃತ್ತರಾದವರು, ಪುರುಸೊತ್ತಿದೆ, ದಿನಕ್ಕೆ ಮೂರು ಗಂಟೆ ಕೂರುತ್ತಾರೆ ಎಂದರೂ 500 ದಿನದ ಕೆಲಸ. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ ಇಂಥ ಕೆಲಸಕ್ಕೆ ಒಂದು ಅಳತೆಯನ್ನು ಹೇಳಿದೆ. ಧ್ವನಿಯ ಅಲೆಯನ್ನು ಸೆಕೆಂಡಿಗೆ ಕನಿಷ್ಠ 48,000 ಸಲ ಅಳೆಯಬೇಕು, 96,000 ಸಲವಾದರೆ ಇನ್ನೂ ಒಳ್ಳೆಯದು. ಪ್ರತಿ ಅಳತೆಯನ್ನೂ 24 ಬಿಟ್‌ಗಳಲ್ಲಿ ಬರೆದಿಡಬೇಕು. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ವಾಹಿನಿ ಸೇರಿಸಿದರೆ ಸೆಕೆಂಡಿಗೆ 46 ಲಕ್ಷದ 8 ಸಾವಿರ ಬಿಟ್, ಗಂಟೆಗೆ ಸುಮಾರು 2 ಜಿಬಿ, 1500 ಗಂಟೆಗೆ 3.1 ಟಿಬಿ. ಕೈಬೆರಳಷ್ಟು ದಪ್ಪದ ಒಂದು ಡಿಸ್ಕಿನಲ್ಲಿ ಅಷ್ಟೂ ಹಿಡಿಸುತ್ತದೆ.

ಈ 3.1 ಟಿಬಿಯನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಲು ಎಷ್ಟು ಹೊತ್ತು? ಸೆಕೆಂಡಿಗೆ 120 ಎಂಬಿ ವೇಗದಲ್ಲಿ ಏಳು ಗಂಟೆ ಚಿಲ್ಲರೆ. ರಾತ್ರಿ ಮಲಗುವಾಗ ಶುರು ಮಾಡಿದರೆ ಬೆಳಗಿನ ಕಾಫಿಯ ಹೊತ್ತಿಗೆ ಮುಗಿದಿರುತ್ತದೆ. ಇಂಟರ್ನೆಟ್ ಮೂಲಕ ದೂರದ ಸರ್ವರಿಗೆ ಏರಿಸುವುದಾದರೂ, 40 ಎಂಬಿಪಿಎಸ್ ಸಂಪರ್ಕವಿದ್ದರೆ ಏಳು ದಿನ ಸಾಕು. ಐನೂರು ದಿನದ ದುಡಿಮೆಯನ್ನು ಏಳು ಗಂಟೆಯಲ್ಲಿ ಇಮ್ಮಡಿ ಮಾಡಿಡಬಹುದು. ಇಷ್ಟು ಸಲೀಸು ಇದ್ದೂ ಜನ ಸಂಗ್ರಹಗಳನ್ನು ಕಳೆದುಕೊಳ್ಳುತ್ತಲೇ ಇದ್ದಾರೆ. ನಕಲು ಮಾಡದೆ ಕಳೆದುಕೊಂಡವರ ವಿಷಯದಲ್ಲಿ ವಿಜ್ಞಾನಕ್ಕೆ ಹೇಳಲು ಹೆಚ್ಚೇನೂ ಇಲ್ಲ. ನಕಲು ಮಾಡಿಯೂ ಕಳೆದುಕೊಂಡವರ ಕತೆ ಬೇರೆ. ಅವರ ಬಳಿ ಡಿಸ್ಕ್ ಇತ್ತು, ಕಡತವೂ ಇತ್ತು, ತೆರೆದು ನೋಡಿದಾಗ ಒಳಗಿದ್ದದ್ದು ಮಾತ್ರ ಬೇರೇನೋ ಆಗಿತ್ತು. ನಕಲು ಸರಿಯಾಗಿಯೇ ಇದೆ ಎಂದು ತಿಳಿದುಕೊಳ್ಳುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಮೊದಲು ಸದ್ದು ಮಾಡಿ ಸಾಯುವ ಡಿಸ್ಕುಗಳನ್ನು ನೋಡೋಣ. ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. ಎರಡು ಅಡಿ ವ್ಯಾಸದ ಐವತ್ತು ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದ ಆ ಬೀರುವಿನಲ್ಲಿ ಹಿಡಿಸುತ್ತಿದ್ದದ್ದು ಆರಾರು ಬಿಟ್‌ಗಳ 50 ಲಕ್ಷ ಅಕ್ಷರ. ಸಿಡಿ ಗುಣಮಟ್ಟದ ಸಂಗೀತವಾದರೆ 21 ಸೆಕೆಂಡು. ತಂಬೂರಿಯ ಶ್ರುತಿ ಕೂರುವಷ್ಟರಲ್ಲಿ ತುಂಬಿಹೋಗುತ್ತಿತ್ತು. ಇಂದಿನ ಡಿಸ್ಕಿನಲ್ಲೂ ತತ್ವ ಅದೇ: ತಿರುಗುವ ತಟ್ಟೆಯ ಕಾಂತೀಯ ಲೇಪದ ಮೇಲೆ ಸೂಕ್ಷ್ಮ ಗುರುತುಗಳು, ಅವನ್ನು ಓದುವ ಬರೆಯುವ ಒಂದು ಹೆಡ್. ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ತಟ್ಟೆಯೇ ಎಬ್ಬಿಸುವ ಗಾಳಿಯ ಮೇಲೆ ತೇಲುತ್ತದೆ. ಮುಟ್ಟಿದರೆ ಲೇಪ ಕಿತ್ತುಬರುತ್ತದೆ, ಟಿಕ್ ಟಿಕ್ ಸದ್ದು ಶುರುವಾಗುತ್ತದೆ, ಕತೆ ಮುಗಿಯುತ್ತದೆ.

ಡಿಸ್ಕು ಸಾಯುವ ಮೊದಲು ಸೂಚನೆ ಕೊಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಎಲ್ಲ ಡಿಸ್ಕುಗಳಲ್ಲೂ ಸ್ಮಾರ್ಟ್ ಎಂಬ ಸ್ವಯಂತಪಾಸಣೆಯ ಏರ್ಪಾಡು ಇರುತ್ತದೆ ನಿಜ. ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಚರಿತ್ರೆಯನ್ನು ಪ್ರಕಟಿಸಿದರು. ಡಿಸ್ಕಿನ ಸಾವನ್ನು ಮುಂಚೆಯೇ ಸೂಚಿಸುವ ನಾಲ್ಕು ಪ್ರಬಲ ಲಕ್ಷಣಗಳನ್ನೇನೋ ಅವರು ಗುರುತಿಸಿದರು. ಆದರೆ ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ನಾಲ್ಕರಲ್ಲಿ ಒಂದನ್ನೂ ತೋರಿಸದೆಯೇ ಸತ್ತಿದ್ದವು. ಸ್ಮಾರ್ಟ್ ಎಚ್ಚರಿಕೆ ಕೊಟ್ಟರೆ ತಕ್ಷಣ ನಂಬಿ. ಏನೂ ಹೇಳದಿದ್ದರೆ ಆ ಮೌನವನ್ನು ನಂಬಬೇಡಿ.

ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ವಾಸಿಯಲ್ಲವೇ ಎಂದು ಕೇಳುವವರಿದ್ದಾರೆ. ದಿನದ ಬಳಕೆಗೆ ಹೌದು. ಅದರಲ್ಲಿ ಮಾಹಿತಿ ಇರುವುದು ಸೂಕ್ಷ್ಮ ಕೋಶಗಳಲ್ಲಿ ಕೂಡಿಟ್ಟ ವಿದ್ಯುದಂಶವಾಗಿ. ಈ ವಿದ್ಯುದಂಶ ನಿಧಾನವಾಗಿ ಸೋರುತ್ತದೆ. ಸೆಕೆ ಹೆಚ್ಚಿದಷ್ಟೂ, ಕೋಶ ಸವೆದಷ್ಟೂ ಬೇಗ. ಉದ್ಯಮದ ಮಾನಕದ ಪ್ರಕಾರ, ಬರೆಯುವ ಆಯುಷ್ಯವನ್ನೆಲ್ಲ ಮುಗಿಸಿದ ಸಾಧಾರಣ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿಯನ್ನು ಹಿಡಿದಿಟ್ಟುಕೊಂಡರೆ ಸಾಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ಆದರೂ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟು ಮರೆಯುವ ನಕಲಿಗೆ ಹಳೆಯ ತಿರುಗುವ ಡಿಸ್ಕೇ ಮೇಲು, ಬೆಲೆಯಲ್ಲೂ ಅಗ್ಗ. ಮನೆಯಲ್ಲಿ ಸುಟ್ಟುಕೊಂಡ ಸಿಡಿಗಳ ಬಗ್ಗೆ ಒಂದೇ ಮಾತು: ಅವುಗಳಲ್ಲಿ ಮಾಹಿತಿ ಹೊತ್ತಿರುವುದು ಒಂದು ಬಣ್ಣದ ಪದರ, ಬೆಳಕು, ಬಿಸಿ, ತೇವ ಮೂರೂ ಅದಕ್ಕೆ ಶತ್ರು. ಮಲೆನಾಡಿನ ಮಳೆಗಾಲ ಕಂಡ ಅಂಥ ಸಿಡಿಗಳು ಇನ್ನೂ ಓದಿಸಿಕೊಳ್ಳುತ್ತಿದ್ದರೆ ಇವತ್ತೇ ನಕಲು ಮಾಡಿಕೊಳ್ಳಿ.

ಇನ್ನು ಸದ್ದಿಲ್ಲದೆ ಕೆಡುವ ಬಗೆ. ಡಿಸ್ಕು ಆರೋಗ್ಯವಾಗಿಯೇ ಇದೆ, ಕಡತದ ಹೆಸರು, ಗಾತ್ರ, ದಿನಾಂಕ ಎಲ್ಲ ಹಾಗೇ ಇವೆ. ಒಳಗೆ ಎಲ್ಲೋ ಒಂದು ಸೊನ್ನೆ ಒಂದಾಗಿದೆ. ಕಾಂತೀಯ ಗುರುತು ತಾನೇ ಮಾಸಿ ಹೀಗಾಗುವುದು ಅಪರೂಪ, ಡಿಸ್ಕಿನೊಳಗೇ ತಿದ್ದುಪಡಿಯ ಗಣಿತ ಇರುವುದರಿಂದ ಬಹುಪಾಲು ತಪ್ಪುಗಳು ಅಲ್ಲೇ ಸರಿಹೋಗುತ್ತವೆ. ನಿಜವಾದ ಅಪರಾಧಿಗಳು ದಾರಿಯಲ್ಲಿರುತ್ತಾರೆ: ಸಡಿಲವಾದ ಕೇಬಲ್, ಕೆಟ್ಟ ರ‍್ಯಾಮ್, ನಕಲು ಮುಗಿಯುವ ಮೊದಲೇ ಕಿತ್ತ ಯುಎಸ್‌ಬಿ, ಬರೆಯುವ ನಡುವೆ ಹೋದ ಕರೆಂಟು. ರ‍್ಯಾಮ್‌ನಲ್ಲಿ ಕೆಟ್ಟ ಬಿಟ್ಟನ್ನು ಡಿಸ್ಕು ಬಹಳ ಶ್ರದ್ಧೆಯಿಂದ, ಕೆಟ್ಟ ರೂಪದಲ್ಲೇ, ವರ್ಷಾನುಗಟ್ಟಲೆ ಕಾಪಾಡುತ್ತದೆ.

ಒಂದು ಬಿಟ್ ತಿರುಗಿದರೆ ಸಂಗೀತಕ್ಕೆ ಏನಾಗುತ್ತದೆ? ಉತ್ತರ ಕಡತದ ಬಗೆಯನ್ನು ಅವಲಂಬಿಸಿದೆ. ವೇವ್ ಕಡತದಲ್ಲಿ ಅಳತೆಗಳು ಒಂದರ ಹಿಂದೊಂದು ಸಾಲಾಗಿ ಬರೆದಿರುತ್ತವೆ, ಅಷ್ಟೆ. ಒಂದು ಅಳತೆಯ ಕೊನೆಯ ಬಿಟ್ ತಿರುಗಿದರೆ ಯಾವ ಕಿವಿಗೂ ತಿಳಿಯುವುದಿಲ್ಲ. ಮೊದಲ ಬಿಟ್ ತಿರುಗಿದರೆ ಒಂದು ಟಕ್ ಸದ್ದು. ಕ್ಯಾಸೆಟ್ಟಿನ ಮೂಲದಲ್ಲೇ ಇತ್ತೇನೋ ಎಂದುಕೊಂಡು ಮುಂದೆ ಹೋಗುತ್ತೇವೆ. ಎಂಪಿ3 ಕಡತ ಸಂಗೀತವನ್ನು 1152 ಅಳತೆಗಳ ಚೌಕಟ್ಟುಗಳಾಗಿ ಕತ್ತರಿಸಿ, ಕಿವಿಗೆ ಬೀಳದ್ದನ್ನು ಎಸೆದು, ಉಳಿದದ್ದನ್ನು ಒತ್ತಿ ತುಂಬಿರುತ್ತದೆ. ಅಲ್ಲಿ ಒಂದು ಬಿಟ್ ಕೆಟ್ಟರೆ ಆ ಚೌಕಟ್ಟು, ಅಂದರೆ ಸೆಕೆಂಡಿನ ನಲವತ್ತನೆಯ ಒಂದು ಭಾಗ, ಕೀಚು ದನಿಯಾಗಬಹುದು. ಪಕ್ಕದ ಚೌಕಟ್ಟಿಗೂ ತಗುಲಬಹುದು.

ಫ್ಲ್ಯಾಕ್ ಸ್ವಭಾವವೇ ಬೇರೆ. ಜಾಶ್ ಕೋಲ್ಸನ್ ಎಂಬ ತಂತ್ರಜ್ಞ ರೂಪಿಸಿದ ಇದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2001ರಲ್ಲಿ. ಸಂಗೀತದಿಂದ ಏನನ್ನೂ ಎಸೆಯದೆ ಗಾತ್ರವನ್ನು ಮಾತ್ರ ಇಳಿಸುತ್ತದೆ. ಹಿಂದಿನ ಅಳತೆಗಳನ್ನು ನೋಡಿ ಮುಂದಿನದು ಇಷ್ಟಿರಬಹುದು ಎಂದು ಊಹಿಸಿ, ಊಹೆ ತಪ್ಪಿದಷ್ಟನ್ನು ಮಾತ್ರ ಬರೆದಿಡುವುದು ಅದರ ಉಪಾಯ. ಸಿಡಿ ಸಂಗೀತ ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಕ್ಯಾಸೆಟ್ಟಿನಿಂದ ಬಂದದ್ದು ಅಷ್ಟು ಇಳಿಯದು, ಏಕೆಂದರೆ ಟೇಪಿನ ಸುಸ್ಸೆನ್ನುವ ಗದ್ದಲವನ್ನು ಯಾವ ಗಣಿತವೂ ಊಹಿಸಲಾರದು. ರಾಗಕ್ಕೆ ವ್ಯಾಕರಣವಿದೆ, ಗದ್ದಲಕ್ಕಿಲ್ಲ. ಫ್ಲ್ಯಾಕ್‌ನಲ್ಲಿ ಒಂದು ಬಿಟ್ ಕೆಟ್ಟರೆ ಊಹೆಯ ಸರಪಳಿ ತುಂಡಾಗಿ ಇಡೀ ಚೌಕಟ್ಟೇ ಹಾಳಾಗುತ್ತದೆ. ಸಿಡಿ ವೇಗದಲ್ಲಿ ಒಂದು ಚೌಕಟ್ಟು ಸಾಮಾನ್ಯವಾಗಿ 4096 ಅಳತೆ, ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ತುಸು ಕಮ್ಮಿ. ವೇವ್‌ಗೆ ಹೋಲಿಸಿದರೆ ಗಾಯ ನಾಲ್ಕು ಸಾವಿರ ಪಟ್ಟು ದೊಡ್ಡದು.

ಆದರೂ ಸಂಗ್ರಹಕ್ಕೆ ಫ್ಲ್ಯಾಕ್ ಒಳ್ಳೆಯದು ಎನ್ನುತ್ತೇನೆ. ಅದರ ಪ್ರತಿ ಚೌಕಟ್ಟಿನ ತುದಿಯಲ್ಲೂ ಒಂದು ತಾಳೆಸಂಖ್ಯೆ ಇರುತ್ತದೆ. ಓದುವ ತಂತ್ರಾಂಶ ಲೆಕ್ಕ ಹಾಕಿ ನೋಡಿ, ತಾಳೆಯಾಗದಿದ್ದರೆ ಇಲ್ಲಿ ಕೆಟ್ಟಿದೆ ಎಂದು ಹೇಳುತ್ತದೆ. ವೇವ್ ಕಡತ ಕಡಿಮೆ ನರಳುತ್ತದೆ ನಿಜ, ಆದರೆ ನರಳುತ್ತಿರುವುದೇ ಅದಕ್ಕೆ ತಿಳಿಯದು. ನಕಲು ಇನ್ನೊಂದು ಕಡೆ ಚೆನ್ನಾಗಿದ್ದರೆ ಗಾಯ ಎಷ್ಟು ದೊಡ್ಡದಾದರೂ ಪರವಾಗಿಲ್ಲ, ಗೊತ್ತಾಗಬೇಕು ಅಷ್ಟೆ.

ತಾಳೆಸಂಖ್ಯೆಯ ಒಂದು ಉದಾಹರಣೆ ನಮ್ಮೆಲ್ಲರ ಜೇಬಿನಲ್ಲೇ ಇದೆ. ಆಧಾರ್‌ನ 12 ಅಂಕೆಗಳಲ್ಲಿ ಕೊನೆಯದು ಗುರುತಿನ ಅಂಕೆಯಲ್ಲ. ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು. ಡಚ್ ಗಣಿತಜ್ಞ ಯಾಕೋಬಸ್ ವೆರ್‌ಹೋಫ್ 1969ರಲ್ಲಿ ಕೊಟ್ಟ ಸೂತ್ರ ಅದು. ಫಾರಂ ತುಂಬುವಾಗ ಯಾವುದಾದರೂ ಒಂದು ಅಂಕೆ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ, ಕೊನೆಯ ಅಂಕೆ ತಾಳೆಯಾಗುವುದಿಲ್ಲ. ಕಡತಗಳಿಗೆ ಬಳಸುವ ಸೂತ್ರಗಳು ಇದಕ್ಕಿಂತ ಬಹಳ ಬಲವಾದವು. ಶಾ-256 ಎಂಬುದು ಎಷ್ಟೇ ದೊಡ್ಡ ಕಡತವನ್ನೂ ಅರೆದು 256 ಬಿಟ್‌ಗಳ ಒಂದು ಸಂಖ್ಯೆ ಮಾಡಿ ಕೊಡುತ್ತದೆ. 2 ಜಿಬಿ ಕಡತದಲ್ಲಿ ಒಂದೇ ಒಂದು ಬಿಟ್ ಬದಲಾಗಲಿ, ಆ 256ರಲ್ಲಿ ಸುಮಾರು ಅರ್ಧ ಬದಲಾಗುತ್ತವೆ. ಬೇರೆ ಬೇರೆ ಎರಡು ಕಡತಗಳಿಗೆ ಆಕಸ್ಮಿಕವಾಗಿ ಒಂದೇ ಸಂಖ್ಯೆ ಬರುವ ಸಾಧ್ಯತೆಯನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ.

ಹಾಗಾದರೆ ಇಡೀ ಸಂಗ್ರಹಕ್ಕೆ ಒಮ್ಮೆ ತಾಳೆಪಟ್ಟಿ ಮಾಡಿ, ಆರು ತಿಂಗಳಿಗೊಮ್ಮೆ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಆಯಿತಲ್ಲ? ಬಹುಮಟ್ಟಿಗೆ ಹೌದು. ಆದರೆ ಸಂಗೀತ ಸಂಗ್ರಹಕ್ಕೆ ಒಂದು ವಿಚಿತ್ರ ತೊಡಕಿದೆ. ರಸಿಕರು ಸುಮ್ಮನೆ ಕೂರುವವರಲ್ಲ. ಜಯಜಯವಂತಿ ಎಂದು ಬರೆದದ್ದನ್ನು ಗಾರಾ ಎಂದು ತಿದ್ದುತ್ತಾರೆ, ತಬಲಾ ಯಾರದ್ದೆಂದು ಗೆಳೆಯರು ಹೇಳಿದಾಗ ಸೇರಿಸುತ್ತಾರೆ, ಕಛೇರಿಯ ವರ್ಷವನ್ನು ಬದಲಿಸುತ್ತಾರೆ. ಈ ವಿವರಗಳು ಕಡತದೊಳಗೇ ಟ್ಯಾಗ್ ಆಗಿ ಕೂರುತ್ತವೆ. ಒಂದು ಅಕ್ಷರ ತಿದ್ದಿದರೂ ಕಡತದ ಶಾ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಆರು ತಿಂಗಳ ನಂತರ 400 ಕಡತ ತಾಳೆಯಾಗಲಿಲ್ಲ ಎಂದು ಪಟ್ಟಿ ಬಂದರೆ, ಇದರಲ್ಲಿ ನೀವು ತಿದ್ದಿದ್ದೆಷ್ಟು, ತಾನೇ ಕೆಟ್ಟದ್ದೆಷ್ಟು?

ಫ್ಲ್ಯಾಕ್ ಮಾಡಿದವರು ಇದನ್ನು ಮೊದಲೇ ಯೋಚಿಸಿದ್ದರು. ಕಡತದ ಆರಂಭದಲ್ಲೇ, ಟ್ಯಾಗ್‌ಗಳಿಂದ ಬೇರೆಯಾಗಿ, ಒಳಗಿನ ಮೂಲ ಧ್ವನಿಯದ್ದಷ್ಟೇ ಒಂದು ಎಂಡಿ5 ಸಂಖ್ಯೆಯನ್ನು ಬರೆದಿಡಲು ಜಾಗ ಕೊಟ್ಟಿದ್ದಾರೆ. ರಾಗದ ಹೆಸರನ್ನು ಹತ್ತು ಸಲ ತಿದ್ದಿದರೂ ಆ ಸಂಖ್ಯೆ ಅಲುಗದು. ಪರೀಕ್ಷಾ ಆಜ್ಞೆ ಕೊಟ್ಟರೆ ತಂತ್ರಾಂಶ ಇಡೀ ಧ್ವನಿಯನ್ನು ಬಿಚ್ಚಿ, ಮತ್ತೆ ಲೆಕ್ಕ ಹಾಕಿ, ತಾಳೆಯಾಯಿತೋ ಇಲ್ಲವೋ ಹೇಳುತ್ತದೆ. ರಾನ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 ಸೂತ್ರ ಈಗ ಭದ್ರತೆಯ ಕೆಲಸಕ್ಕೆ ಬಾರದು, ಬೇಕೆಂದೇ ಮೋಸ ಮಾಡುವವರು ಅದನ್ನು ಎಂದೋ ಒಡೆದಿದ್ದಾರೆ. ಆದರೆ ಹಾಳಾಗುವ ಡಿಸ್ಕು ಯಾರ ಮೇಲೂ ಸಂಚು ಹೂಡುವುದಿಲ್ಲವಾದ್ದರಿಂದ ನಮ್ಮ ಕೆಲಸಕ್ಕೆ ಅದು ಧಾರಾಳ ಸಾಕು.

ಇಲ್ಲೊಂದು ಎಚ್ಚರಿಕೆ. ನಕಲು ಮಾಡುವ ಹೆಚ್ಚಿನ ತಂತ್ರಾಂಶಗಳು ಮೂಲ ಮತ್ತು ನಕಲು ಒಂದೇ ಎಂದು ತೀರ್ಮಾನಿಸುವುದು ಒಳಗೆ ನೋಡಿ ಅಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1996ರಲ್ಲಿ ಪಾಲ್ ಮ್ಯಾಕೆರಾಸ್ ಜೊತೆ ಸೇರಿ ಹೊರತಂದ ಆರ್‌ಸಿಂಕ್ ಇಂದಿಗೂ ಈ ಕೆಲಸಕ್ಕೆ ಅಚ್ಚುಮೆಚ್ಚು. ಅದು ಕೂಡ, ಬೇರೆ ರೀತಿ ಹೇಳದಿದ್ದರೆ, ಗಾತ್ರ ಮತ್ತು ದಿನಾಂಕ ಎರಡನ್ನೇ ನೋಡುತ್ತದೆ. ಲಕ್ಷ ಕಡತಗಳನ್ನು ಅದು ಕಣ್ಣುಮುಚ್ಚಿ ತೆರೆಯುವುದರಲ್ಲಿ ಪರೀಕ್ಷಿಸಿದಂತೆ ಕಾಣುವುದಕ್ಕೆ ಕಾರಣ ಅದೇ, ಅದು ಪರೀಕ್ಷಿಸಿಲ್ಲ. ಒಳಗಿನ ಬಿಟ್‌ಗಳನ್ನೂ ಹೋಲಿಸು ಎಂದು ಬೇರೆಯಾಗಿ ಹೇಳಬೇಕು. ಆಗ ಏಳು ಗಂಟೆಯ ಕೆಲಸ ಮತ್ತೆ ಏಳು ಗಂಟೆಯೇ ಆಗುತ್ತದೆ.

ತಪ್ಪನ್ನು ಕಂಡುಹಿಡಿಯಬಲ್ಲ ಯಂತ್ರ ಅದನ್ನು ತಿದ್ದಲೂ ಏಕಾಗದು ಎಂಬ ಪ್ರಶ್ನೆ ಹುಟ್ಟಿದ್ದು ಸಿಟ್ಟಿನಲ್ಲಿ. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಗಳಲ್ಲಿ ತನ್ನ ಲೆಕ್ಕವನ್ನು ಅಲ್ಲಿನ ರಿಲೇ ಕಂಪ್ಯೂಟರಿಗೆ ಕೊಟ್ಟು ಹೋಗುತ್ತಿದ್ದ. ವಾರದ ದಿನಗಳಲ್ಲಾದರೆ ತಪ್ಪು ಬಂದಾಗ ನೋಡಿಕೊಳ್ಳಲು ಸಿಬ್ಬಂದಿ ಇರುತ್ತಿದ್ದರು. ವಾರಾಂತ್ಯದಲ್ಲಿ ಯಂತ್ರ ತಪ್ಪನ್ನು ಗಮನಿಸಿ ಆ ಲೆಕ್ಕವನ್ನೇ ಕೈಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದರೆ ಉತ್ತರ ಇಲ್ಲ. ಈ ಕಿರಿಕಿರಿಯಿಂದ ಹೊರಟ ಅವನ ತಪ್ಪು ತಿದ್ದುವ ಸಂಕೇತಗಳು 1950ರಲ್ಲಿ ಪ್ರಕಟವಾದವು. ಹತ್ತು ವರ್ಷದ ನಂತರ, 1960ರಲ್ಲಿ, ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಅದಕ್ಕಿಂತ ಸೊಗಸಾದ ದಾರಿಯನ್ನು ತೋರಿಸಿದರು.

ಅವರ ದಾರಿಯ ತಿರುಳನ್ನು ಹೈಸ್ಕೂಲಿನ ಗ್ರಾಫ್ ಹಾಳೆಯಲ್ಲಿ ಬಿಡಿಸಬಹುದು. ನೀವು ಕಾಪಾಡಬೇಕಾದ ಸಂಖ್ಯೆಗಳು 3 ಮತ್ತು 5. ಒಂದನೆಯ ಗೆರೆಯಲ್ಲಿ 3ರ ಎತ್ತರಕ್ಕೆ, ಎರಡನೆಯ ಗೆರೆಯಲ್ಲಿ 5ರ ಎತ್ತರಕ್ಕೆ ಚುಕ್ಕೆಯಿಟ್ಟು ಎರಡನ್ನೂ ಸೇರಿಸಿ ನೇರ ರೇಖೆ ಎಳೆಯಿರಿ. ರೇಖೆ ಮುಂದುವರಿದರೆ ಮೂರನೆಯ ಗೆರೆಯಲ್ಲಿ 7ಕ್ಕೂ ನಾಲ್ಕನೆಯದರಲ್ಲಿ 9ಕ್ಕೂ ಬರುತ್ತದೆ. ಈಗ 3, 5, 7, 9 ನಾಲ್ಕನ್ನೂ ಬರೆದಿಡಿ. ಯಾವುದೇ ಎರಡು ಅಳಿಸಿಹೋದರೂ ಉಳಿದ ಎರಡು ಚುಕ್ಕೆಗಳಿಂದ ಅದೇ ರೇಖೆ ಮತ್ತೆ ಸಿಗುತ್ತದೆ. ಅಳಿಸಿಹೋಗದೆ ತಪ್ಪಾಗಿ ಬದಲಾಗಿದ್ದರೆ? 3, 5, 8, 9 ಎಂದು ಬಂದರೆ ಮೂರು ಚುಕ್ಕೆ ಒಂದೇ ರೇಖೆಯ ಮೇಲಿವೆ, 8 ಮಾತ್ರ ಹೊರಗಿದೆ, ತಪ್ಪಿತಸ್ಥ ಸಿಕ್ಕಿಬಿದ್ದ. ಆದರೆ ಎರಡು ಚುಕ್ಕೆ ತಪ್ಪಾದರೆ ಯಾರನ್ನು ನಂಬುವುದೆಂದು ತಿಳಿಯದು. ಗಮನಿಸಿ: ಎಲ್ಲಿ ಕೆಟ್ಟಿದೆ ಎಂದು ಗೊತ್ತಿದ್ದರೆ ಎರಡನ್ನು ತಿದ್ದಬಹುದು, ಗೊತ್ತಿಲ್ಲದಿದ್ದರೆ ಒಂದನ್ನೇ. ತಾಳೆಸಂಖ್ಯೆ ಜೊತೆಗಿದ್ದರೆ ತಿದ್ದುವ ಶಕ್ತಿ ಇಮ್ಮಡಿಯಾಗುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯೊಳಗೆ ಇದೇ ಗಣಿತವಿದೆ. ಸಂಗೀತದ ಪ್ರತಿ 24 ಬೈಟಿಗೆ 8 ಬೈಟ್ ಕಾವಲು. ಜೊತೆಗೆ ಅಕ್ಕಪಕ್ಕದ ಬೈಟ್‌ಗಳನ್ನು ತಟ್ಟೆಯ ಮೇಲೆ ದೂರದೂರ ಚದುರಿಸಿ ಬರೆಯುತ್ತಾರೆ. ಹಾಡಿನ ಜಾಡಿನ ಉದ್ದಕ್ಕೆ ಎರಡೂವರೆ ಮಿಲಿಮೀಟರ್ ಗೀರು ಬಿದ್ದರೂ ನಷ್ಟ ಹಲವು ಗುಂಪುಗಳಿಗೆ ಹಂಚಿಹೋಗಿ ಪೂರ್ತಿ ಸರಿಹೋಗುತ್ತದೆ. ಮನೆಯ ಸಂಗ್ರಹಕ್ಕೂ ಇದನ್ನೇ ತೊಡಿಸಬಹುದು. ಪಾರ್2 ಎಂಬ ಉಚಿತ ತಂತ್ರಾಂಶ ನಿಮ್ಮ ಕಡತಗಳ ಪಕ್ಕದಲ್ಲಿ ರೀಡ್-ಸಾಲಮನ್ ಕಾವಲಿನ ಬೇರೆ ಕಡತಗಳನ್ನು ಬರೆದಿಡುತ್ತದೆ. ನೂರಕ್ಕೆ ಹತ್ತರಷ್ಟು ಕಾವಲಿಟ್ಟರೆ, ನಮ್ಮ 3.1 ಟಿಬಿಗೆ ಇನ್ನೊಂದು 310 ಜಿಬಿ ಖರ್ಚಾಗುತ್ತದೆ. ಹತ್ತರಲ್ಲೊಂದು ಭಾಗ ಎಲ್ಲೇ ಕೆಟ್ಟರೂ ಕಟ್ಟಿಕೊಡುತ್ತದೆ. ಇಡೀ ಸಂಗ್ರಹಕ್ಕೆ ಮಾಡುವುದು ಅತಿಯಾಯಿತು. ಎಲ್ಲೂ ಸಿಗದ ಬೈಠಕ್ಕುಗಳಿಗೆ ಮಾಡಿ.

ಹಾರ್ಡ್‌ವೇರ್ ಅಂಗಡಿಯವರು ಈ ಹಂತದಲ್ಲಿ ರೇಡ್ ಪೆಟ್ಟಿಗೆಯನ್ನು ಮಾರಲು ಬರುತ್ತಾರೆ. ಹಲವು ಡಿಸ್ಕುಗಳನ್ನು ಸೇರಿಸಿ, ಒಂದು ಸತ್ತರೂ ಕೆಲಸ ನಿಲ್ಲದಂತೆ ಮಾಡುವ ಈ ಉಪಾಯಕ್ಕೆ 1988ರಲ್ಲಿ ಬರ್ಕ್ಲಿಯ ಮೂವರು ವಿಜ್ಞಾನಿಗಳ ಪ್ರಬಂಧದಿಂದ ಹೆಸರು ಬಂತು. ಒಳ್ಳೆಯ ಉಪಾಯವೇ. ಆದರೆ ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಎಲ್ಲ ಡಿಸ್ಕುಗಳಿಂದಲೂ ಆ ಕ್ಷಣವೇ ಅಳಿಸಿಹೋಗುತ್ತದೆ. ಮೋಡದ ಜೊತೆ ಸದಾ ಹೊಂದಿಸಿಕೊಳ್ಳುವ ಸೇವೆಗಳಲ್ಲೂ ಇದೇ ಕತೆ: ಮೂಲದಲ್ಲಿ ಕೆಟ್ಟದ್ದು, ಅಳಿದದ್ದು, ಎಲ್ಲ ನಿಷ್ಠೆಯಿಂದ ಮೇಲಕ್ಕೂ ಹೋಗುತ್ತದೆ. ನಿನ್ನೆಯ ಸ್ಥಿತಿಗೆ, ಕಳೆದ ತಿಂಗಳ ಸ್ಥಿತಿಗೆ ಹಿಂತಿರುಗಲು ಬಿಡುವ ಏರ್ಪಾಡು ಇಲ್ಲದಿದ್ದರೆ ಅದನ್ನು ಬ್ಯಾಕಪ್ ಎನ್ನಲಾಗದು.

ಕನ್ನಡದಲ್ಲಿ ಹೆಸರಿಡುವವರಿಗೆ ಮಾತ್ರ ಎದುರಾಗುವ ಒಂದೆರಡು ತಾಪತ್ರಯಗಳಿವೆ, ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲ. ಯೂನಿಕೋಡ್‌ನ ಯುಟಿಎಫ್-8 ಬರಹದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಒತ್ತಕ್ಷರದ ನಡುವೆ ಅಡಗಿರುವ ಹಲಂತಕ್ಕೂ ಸೇರಿ. ಮಲ್ಲಿಕಾರ್ಜುನ ಮನ್ಸೂರ್ ಎಂಬ ಹೆಸರು ನಡುವಿನ ಖಾಲಿ ಜಾಗ ಸೇರಿ 58 ಬೈಟ್. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಹೆಸರೊಂದಕ್ಕೆ 255 ಬೈಟ್ ಮಿತಿ. ವಿಂಡೋಸ್ ಲೆಕ್ಕ ಹಾಕುವುದು ಬೈಟ್‌ಗಳನ್ನಲ್ಲ, ಸಂಕೇತಗಳನ್ನು. ಅಲ್ಲಿ 255 ಕನ್ನಡ ಸಂಕೇತಗಳು ಹಿಡಿಸಿದರೆ ಇಲ್ಲಿ 85. ಗಾಯಕರು, ರಾಗ, ತಾಳ, ಊರು, ಪಕ್ಕವಾದ್ಯದವರು ಎಲ್ಲವನ್ನೂ ಹೆಸರಿನಲ್ಲೇ ತುಂಬಿದವರ ಕಡತ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಇರುತ್ತದೆ. ಲಿನಕ್ಸ್ ಮೇಲೆ ನಡೆಯುವ ಮನೆಯ ಸಂಗ್ರಹ ಪೆಟ್ಟಿಗೆಗೆ ಹಾಕುವಾಗ ಮಾತ್ರ, ಸಾವಿರಾರು ಕಡತಗಳ ನಡುವೆ ಅದೊಂದು ಹಿಂದೆ ಉಳಿಯುತ್ತದೆ.

ಇನ್ನೊಂದು ಇದಕ್ಕಿಂತ ಚಮತ್ಕಾರದ್ದು. ತೋಡಿ ಎಂಬಲ್ಲಿನ ಓಕಾರವನ್ನು ಯೂನಿಕೋಡ್ ಎರಡು ಬಗೆಯಲ್ಲಿ ಬರೆಯಲು ಬಿಡುತ್ತದೆ: ಒಂದೇ ಸಂಕೇತವಾಗಿ, ಇಲ್ಲವೇ ಎತ್ವ, ಊಕಾರ, ದೀರ್ಘ ಎಂಬ ಮೂರು ತುಂಡಾಗಿ. ತೆರೆಯ ಮೇಲೆ ಎರಡೂ ಒಂದೇ ತೋಡಿ, ಬೈಟ್‌ಗಳಲ್ಲಿ ಬೇರೆ. ಆಪಲ್‌ನ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಒಡೆದು ತುಂಡಾಗಿ ಇಡುತ್ತಿತ್ತು, ಉಳಿದವರು ಟೈಪ್ ಮಾಡಿದ್ದನ್ನು ಹಾಗೇ ಇಡುತ್ತಿದ್ದರು. ಹೀಗಾಗಿ ಒಂದೇ ಸಂಗ್ರಹ ಎರಡು ದಾರಿಯಿಂದ ಒಂದೇ ಡಿಸ್ಕಿಗೆ ಬಂದರೆ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲದ ಎರಡು ತೋಡಿ ಫೋಲ್ಡರುಗಳು ಕಾಣಿಸಬಹುದು. ಸಾರಂಗ, ಯಮನ ಎಲ್ಲ ಒಂದೊಂದೇ ಇದ್ದು ತೋಡಿ, ಭೈರವ, ದೇಸಿ, ಕೇದಾರಗಳು ಮಾತ್ರ ಜೋಡಿಯಾಗಿದ್ದರೆ ಕಾರಣ ಇದೇ. ಒಂದನ್ನು ಅಳಿಸುವ ಮೊದಲು ಒಳಗಿನ ಕಡತಗಳ ತಾಳೆ ನೋಡಿ. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟ್ಯಾಗ್ ಬರೆದವರ ಪಾಡು ಕನ್ನಡದ ಹಳೆಯ ಕಡತ ತೆರೆದ ಎಲ್ಲರಿಗೂ ಗೊತ್ತು. ಅದನ್ನು ಪರಿವರ್ತಕಗಳಿಂದ ಈಗಲೇ ಯೂನಿಕೋಡ್‌ಗೆ ತಂದಿಡುವುದು ಮೇಲು. ಧ್ವನಿ ಉಳಿದು ಹಾಡಿದವರು ಯಾರೆಂಬುದು ಅಳಿದರೆ ಅರ್ಧ ಸಂಗ್ರಹ ಹೋದ ಹಾಗೆಯೇ.

ಎಷ್ಟು ನಕಲು ಬೇಕು ಎಂಬುದಕ್ಕೆ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಒಂದು ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಇದರ ಹಿಂದಿನ ಲೆಕ್ಕ ಸರಳ. ವರ್ಷಕ್ಕೆ ನೂರು ಡಿಸ್ಕುಗಳಲ್ಲಿ ಎರಡು ಸಾಯುತ್ತವೆ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. ಎರಡು ಪ್ರತಿಯೂ ಅದೇ ವರ್ಷ ಸಾಯುವ ಸಾಧ್ಯತೆ 2500ರಲ್ಲಿ ಒಂದು, ಮೂರೂ ಸಾಯುವುದು 1,25,000ದಲ್ಲಿ ಒಂದು. ಆದರೆ ಈ ಗುಣಾಕಾರ ನಡೆಯುವುದು ಒಂದರ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲದಿದ್ದಾಗ ಮಾತ್ರ. ಮೂರೂ ಡಿಸ್ಕು ಒಂದೇ ಮೇಜಿನ ಮೇಲೆ ಒಂದೇ ಪ್ಲಗ್ ಬೋರ್ಡಿಗೆ ಸಿಕ್ಕಿಸಿದ್ದರೆ ಮುಂಗಾರಿನ ಒಂದು ಸಿಡಿಲು ಸಾಕು. 2017ರ ವಾನ್ನಾಕ್ರೈನಂಥ ಒತ್ತೆ ತಂತ್ರಾಂಶ ಕಂಪ್ಯೂಟರಿಗೆ ಹೊಕ್ಕರೆ ಆ ಹೊತ್ತಿಗೆ ಜೋಡಿಸಿದ್ದ ಡಿಸ್ಕುಗಳಿಗೂ ಬೀಗ ಬೀಳುತ್ತದೆ. ಕಳ್ಳ, ನೀರು, ಬೆಂಕಿ, ಮಾಲೀಕರ ಸ್ವಂತ ಬೆರಳು, ಯಾವುದೂ ಒಂದೊಂದು ಡಿಸ್ಕನ್ನು ಪ್ರತ್ಯೇಕವಾಗಿ ಪರಿಗಣಿಸುವುದಿಲ್ಲ. ಆದ್ದರಿಂದ ಪ್ರತಿಗಳ ಸಂಖ್ಯೆಗಿಂತ ಅವುಗಳ ನಡುವಿನ ದೂರ ಮುಖ್ಯ. ಹುಬ್ಬಳ್ಳಿಯಲ್ಲೊಂದು, ಬೆಂಗಳೂರಿನ ಮಗಳ ಮನೆಯಲ್ಲೊಂದು ಇರುವ ಎರಡು ಪ್ರತಿಗಳು ಒಂದೇ ಬೀರುವಿನ ನಾಲ್ಕಕ್ಕಿಂತ ವಾಸಿ.

ದೊಡ್ಡ ಕಂಪನಿಗೆ ಒಪ್ಪಿಸಿದರೆ ನಿಶ್ಚಿಂತೆ ಎನ್ನುವವರು ಮೈಸ್ಪೇಸ್‌ನ ಕತೆಯನ್ನು ನೆನೆಯಬೇಕು. ಒಂದು ಕಾಲದಲ್ಲಿ ಹೊಸ ಸಂಗೀತಗಾರರೆಲ್ಲ ಹಾಡು ಏರಿಸುತ್ತಿದ್ದ ಜಾಲತಾಣ. ಸರ್ವರುಗಳನ್ನು ಬದಲಿಸುವಾಗ ಮೊದಲ ಹನ್ನೆರಡು ವರ್ಷಗಳ ಸಂಗೀತವೆಲ್ಲ ಕಳೆದುಹೋಗಿದೆ ಎಂದು 2019ರಲ್ಲಿ ಅದು ಒಪ್ಪಿಕೊಂಡಿತು. ಸುದ್ದಿಯಾದ ಲೆಕ್ಕದಂತೆ ಒಂದು ಕೋಟಿ 40 ಲಕ್ಷ ಕಲಾವಿದರ ಐದು ಕೋಟಿಗೂ ಹೆಚ್ಚು ಹಾಡು. ಅವುಗಳಲ್ಲಿ ಸುಮಾರು 4,90,000 ಹಾಡುಗಳು ಆಮೇಲೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತ್ಯಕ್ಷವಾದವು: ಹಿಂದೆ ಯಾವುದೋ ಸಂಶೋಧನೆಗೆಂದು ಇಳಿಸಿಕೊಂಡಿದ್ದವರ ಬಳಿ ಅವು ಉಳಿದಿದ್ದವು. ನೂರಕ್ಕೆ ಒಂದು ಪಾಲು, ಅದೂ ಆಕಸ್ಮಿಕ.

ಹಿಂದೂಸ್ತಾನಿ ಸಂಗೀತದ ಆರಂಭದ ಮುದ್ರಣಗಳು ಉಳಿದದ್ದೂ ಹೀಗೇ. ಗೌಹರ್ ಜಾನ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದನ್ನು ಮೇಣದ ಮೇಲೆ ಮುದ್ರಿಸಿ, ಜರ್ಮನಿಯ ಹ್ಯಾನೋವರಿಗೆ ಕಳಿಸಿ, ಅಲ್ಲಿ ಅರಗಿನ ತಟ್ಟೆಗಳನ್ನು ಒತ್ತಿಸಿ ತರಿಸಿದರು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಂದು ಆ ಧ್ವನಿ ಕೇಳಸಿಗುತ್ತಿರುವುದರಲ್ಲಿ ದೊಡ್ಡ ಪಾಲು, ತಟ್ಟೆಗಳನ್ನು ಕೊಂಡು ಮನೆಯಲ್ಲಿಟ್ಟುಕೊಂಡ ಸಂಗ್ರಾಹಕರ ಕೃಪೆ. ಮಾರಾಟವಾದ ಸಂಗೀತಕ್ಕೆ ಈ ರಕ್ಷಣೆ ತಾನಾಗಿ ಸಿಗುತ್ತದೆ, ಬೈಠಕ್ಕಿನ ಕ್ಯಾಸೆಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಸಂಗ್ರಹವನ್ನು ಎರಡಾಗಿ ಒಡೆಯಿರಿ ಎಂಬುದು ನನ್ನ ಸಲಹೆ. ಅಂಗಡಿಯಲ್ಲಿ ಸಿಕ್ಕ ಭೀಮಸೇನ ಜೋಶಿಯವರ ಸಿಡಿಗಳು, ಸಿ. ಅಶ್ವತ್ಥರ ಭಾವಗೀತೆಗಳು ಒಂದು ಕಡೆ: ಒಂದು ಹೆಚ್ಚುವರಿ ಪ್ರತಿ ಸಾಕು, ಹೋದರೆ ದುಡ್ಡು ಹೋಯಿತು, ಸಂಗೀತವಲ್ಲ. ನಿಮ್ಮಲ್ಲಿ ಮಾತ್ರ ಇರುವುದು ಇನ್ನೊಂದು ಕಡೆ: ಮೂರು ಪ್ರತಿ, ತಾಳೆಪಟ್ಟಿ, ಪಾರ್2, ಎಲ್ಲ ಉಪಚಾರ ಅದಕ್ಕೇ. ಹೀಗೆ ಒಡೆದಾಗ ಎರಡನೆಯ ಗುಂಪು ಗಾತ್ರದಲ್ಲಿ ಚಿಕ್ಕದಾಗಿ ನಿರ್ವಹಣೆಗೆ ಬರುತ್ತದೆ. ಅದನ್ನು ಇನ್ನೊಬ್ಬ ರಸಿಕರ ಜೊತೆ ವಿನಿಮಯ ಮಾಡಿಕೊಂಡರೆ, ಕ್ಯಾಸೆಟ್ ಕಾಲದಲ್ಲಿ ನಡೆಯುತ್ತಿದ್ದ ಹಾಗೆ, ಬೇರೆ ಊರಿನ ಪ್ರತಿಯೂ ಖರ್ಚಿಲ್ಲದೆ ಆಗುತ್ತದೆ.

ಮರಳಿ ಪಡೆದು ನೋಡದ ನಕಲನ್ನು ನಕಲೆಂದು ಎಣಿಸಬೇಡಿ. ದೂರದ ಪ್ರತಿಯಿಂದ ಒಂದು ಫೋಲ್ಡರನ್ನು, ಬೇರೆ ಕಂಪ್ಯೂಟರಿಗೆ, ಆಗಾಗ ಇಳಿಸಿಕೊಂಡು ಕೇಳಿ. ಆಗ ಗೊತ್ತಾಗುವ ಸಂಗತಿಗಳು ಸಾಮಾನ್ಯವಾಗಿ ಬಿಟ್‌ಗಳಿಗೆ ಸಂಬಂಧಿಸಿದವೇ ಅಲ್ಲ: ಆ ಡಿಸ್ಕಿನ ಕೇಬಲ್ ಈಗ ಸಿಗುವುದಿಲ್ಲ, ತಂತ್ರಾಂಶದ ಹೊಸ ಆವೃತ್ತಿ ಹಳೆಯ ಪ್ರತಿಯನ್ನು ತೆರೆಯುವುದಿಲ್ಲ, ಮೋಡದ ಖಾತೆಯ ಹಣ ಕಟ್ಟುತ್ತಿದ್ದ ಕಾರ್ಡಿನ ಅವಧಿ ಮುಗಿದಿದೆ. ಇನ್ನು ಗೂಢಲಿಪಿ. ಬೇರೆಯವರ ಮನೆಯಲ್ಲಿಡುವ ಪ್ರತಿಗೆ ಪಾಸ್‌ವರ್ಡ್ ಹಾಕಬೇಕು ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಂಕಿನ ಕಾಗದಗಳಿಗೆ ಹಾಕಿ. ರಾಮನವಮಿಯ ಕಛೇರಿಗೆ ಏಕೆ ಬೇಕು? ಹಾಕಿದ ಮೇಲೆ ಒಂದು ಬಿಟ್ ಕೆಟ್ಟರೂ ನಷ್ಟ ಹಬ್ಬಬಹುದು. ಅದಕ್ಕಿಂತ ಹೆಚ್ಚಾಗಿ, ಸಂಗ್ರಾಹಕರು ತೀರಿಕೊಂಡ ಮೇಲೆ ಆ ಡಿಸ್ಕು ಮಕ್ಕಳ ಪಾಲಿಗೆ ಬರೀ ಒಂದು ಪೆಟ್ಟಿಗೆ. ಹಾಕಲೇಬೇಕು ಎನಿಸಿದರೆ ಪಾಸ್‌ವರ್ಡನ್ನು ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದು, ಯಾವ ಡಿಸ್ಕು ಯಾರ ಮನೆಯಲ್ಲಿದೆ ಎಂಬುದನ್ನೂ ಕೆಳಗೆ ಸೇರಿಸಿ, ವಿಮೆ ಮತ್ತು ಆಸ್ತಿಪತ್ರಗಳ ಕಡತದಲ್ಲಿ ಇಟ್ಟು ಮನೆಯವರಿಗೆ ತೋರಿಸಿ.